ಮಿಷನ್ ಅಕ್ಕ ಬಾಡಿಗೆಗೆ ಹಿಡಿದ ಮನೆ

ಬಾಡಿಗೆಗೆ ಹೋಗದೆ ಉಳಿದ ಮನೆಗಳಲ್ಲಿ ವಾಸ ಮಾಡುವುದೇ ಮಿಷನ್ ಅಕ್ಕನ ಕೆಲಸವಾಗಿತ್ತು. ಹೊಲಿಗೆ ಅವಳ ಕಸುಬು, ಅದು ಹೊಟ್ಟೆಗಾಗಿ. ಈ ಕೆಲಸ ತಲೆಯ ಮೇಲಿನ ಸೂರಿಗಾಗಿ.

ಅಂಥ ಒಂದೆರಡು ಮನೆಗಳು ಎಲ್ಲ ಬಡಾವಣೆಗಳಲ್ಲೂ ಇರುತ್ತವೆ. ನೋಡಲು ಏನೂ ಕೊರತೆಯಿಲ್ಲ. ನಲ್ಲಿಯಲ್ಲಿ ನೀರು ಬರುತ್ತದೆ, ಕಿಟಕಿಯಲ್ಲಿ ಬೆಳಕು ಬರುತ್ತದೆ. ಆದರೂ ಬಂದವರು ನಿಲ್ಲುವುದಿಲ್ಲ. ಎರಡು ಸಂಸಾರಗಳು ಅವಧಿಗೆ ಮೊದಲೇ ಗಂಟುಮೂಟೆ ಕಟ್ಟಿದರೆ ಸಾಕು, ಮೂರನೆಯವರ ಕಿವಿಗೆ ಸುದ್ದಿ ತಾನಾಗಿ ಹೋಗಿ ಬೀಳುತ್ತದೆ. ಆಗ ಬ್ರೋಕರ್ ಮಿಷನ್ ಅಕ್ಕನನ್ನು ಕರೆಯುತ್ತಿದ್ದ. ಅವಳು ಹೊಲಿಗೆ ಯಂತ್ರ, ಎರಡು ಟ್ರಂಕು, ಒಂದು ಚಾಪೆಯನ್ನು ತಳ್ಳುಗಾಡಿಗೆ ಹೇರಿಸಿಕೊಂಡು ಬಂದು, ಆ ಮನೆಯ ಬೀದಿಕಡೆಯ ಕಿಟಕಿಯ ಬಳಿ ಕೂರುತ್ತಿದ್ದಳು. ಹೋಗುವವರು ಬರುವವರಿಗೆ ಯಂತ್ರದ ಕಟಕಟ ಕೇಳಬೇಕು, ತಂತಿಯ ಮೇಲೆ ಒಣಗುವ ಬಟ್ಟೆ ಕಾಣಬೇಕು. ಮನೆ ನೋಡಲು ಬಂದವರಿಗೆ ಅವಳೇ ಬಾಗಿಲು ತೆಗೆದು, "ನಾನಿಲ್ವೇನಮ್ಮ ಇಲ್ಲಿ? ನನಗೇನಾಗಿದೆ?" ಎಂದು ನಗಬೇಕು. ಅದಕ್ಕೆ ಬದಲಾಗಿ ಅವಳಿಗೆ ಬಾಡಿಗೆಯಿಲ್ಲ. ಹೊಸಬರು ಸಾಮಾನು ಇಳಿಸುವ ದಿನ ಅವಳು ಮುಂದಿನ ಮನೆಗೆ. ಹನ್ನೊಂದು ವರ್ಷಗಳಲ್ಲಿ ಹೀಗೆ ಹದಿನೆಂಟು ಮನೆಗಳಾಗಿದ್ದವು.

ಮದುವೆಯಾದ ಮೂರನೆಯ ವರ್ಷವೇ ಗಂಡ ತೀರಿಹೋಗಿದ್ದ. ಮಕ್ಕಳಿರಲಿಲ್ಲ. ಆಮೇಲೆ ಬಹಳ ಕಾಲ ಅಣ್ಣನ ಮನೆಯಲ್ಲಿದ್ದಳು. ಅಲ್ಲಿ ಯಂತ್ರ ತಿರುಗಿದಾಗಲೆಲ್ಲ ಅತ್ತಿಗೆಗೆ ತಲೆನೋವು ಬರುತ್ತಿತ್ತು. ಯಂತ್ರ ನಿಂತಿದ್ದಾಗ ಅಣ್ಣನಿಗೆ ಬರುತ್ತಿತ್ತು. "ಇಬ್ಬರ ತಲೆನೋವಿಗೂ ಒಂದೇ ಔಷಧಿ ಅಂತ ನಾನೇ ಹೊರಟುಬಿಟ್ಟೆ" ಎಂದು ಅವಳು ಕೇಳಿದವರಿಗೆ ಹೇಳುತ್ತಿದ್ದಳು.

ಹಾಗೆಂದು ಅವಳು ಸುಳ್ಳು ಹೇಳಿ ಮನೆ ದಾಟಿಸುವವಳಲ್ಲ. ಹೊಸ ಮನೆಗೆ ಹೋದ ದಿನ ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ಬಿಟ್ಟು ನೋಡುತ್ತಿದ್ದಳು. ಹೊಸದಾಗಿ ಬಣ್ಣ ಬಳಿದ ಗೋಡೆಯಿದ್ದರೆ ಅದನ್ನೇ ಮೊದಲು ಬೆರಳಿನಿಂದ ಬಡಿಯುತ್ತಿದ್ದಳು. ಕಿಟಕಿಗಳನ್ನೆಲ್ಲ ಮುಚ್ಚಿ, ಒಂದೊಂದು ಕೋಣೆಯಲ್ಲೂ ಕಾಲು ಗಂಟೆ ಗೋಡೆಗೆ ಬೆನ್ನು ಕೊಟ್ಟು ಸುಮ್ಮನೆ ಕೂರುತ್ತಿದ್ದಳು. ಬೆಳಿಗ್ಗೆ ಒಮ್ಮೆ, ನಡುಮಧ್ಯಾಹ್ನ ಒಮ್ಮೆ, ದೀಪ ಹಾಕುವ ಹೊತ್ತಿಗೆ ಒಮ್ಮೆ. ಒಂದು ಮನೆಯ ಗೋಡೆಯೊಳಗೆ ಯಾರೋ ಗೊರಕೆ ಹೊಡೆಯುತ್ತಾರೆ ಎನ್ನುತ್ತಿದ್ದರು. ಅದು ಮೇಲಿನ ಮನೆಯ ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿ. ಇನ್ನೊಂದರಲ್ಲಿ ಬಾಗಿಲು ತಾನೇ ತೆರೆದುಕೊಳ್ಳುತ್ತಿತ್ತು. ಕೀಲಿನ ಒಂದು ತಿರುಪು ಬಿಗಿ ಮಾಡಿದ್ದಕ್ಕೆ ನಿಂತುಹೋಯಿತು. ಹದಿನೆಂಟು ಮನೆಗಳಿಗೂ ಅವಳು ಕಾರಣ ಹುಡುಕಿ ಕೊಟ್ಟಿದ್ದಳು. ಆದ್ದರಿಂದ ಅವಳ ಮಾತೆಂದರೆ ಮಾತು. "ಮಿಷನ್ ಅಕ್ಕ ಸರಿ ಅಂದ್ಲಾ? ಹಾಗಾದ್ರೆ ಸರಿ" ಎಂದು ಜನ ಮುಂಗಡ ಕೊಡುತ್ತಿದ್ದರು.

ಹತ್ತೊಂಬತ್ತನೆಯ ಮನೆ ಎರಡನೆಯ ಮಹಡಿಯಲ್ಲಿತ್ತು. ಮುಂದಿನ ಕೋಣೆ, ಅಡುಗೆಮನೆ, ಒಳಕೋಣೆ. ಬ್ರೋಕರನ ಮಾವನದೇ ಮನೆ. ಮಾವ ಹಾಸಿಗೆ ಹಿಡಿದಿದ್ದರಿಂದ ಅದನ್ನು ಬಾಡಿಗೆಗೆ ಕೊಡುವುದು, ಬಿಡುವುದು ಎಲ್ಲ ಬ್ರೋಕರನದೇ.

"ಮೂರು ಸಂಸಾರ ಬಂದು ಹೋಗಿದೆ ಅಕ್ಕ. ಯಾಕೆ ಅಂತ ಯಾರೂ ಬಾಯಿ ಬಿಡಲ್ಲ. ನೀನೇ ನೋಡು. ಇದೊಂದು ಹೋಗ್ಲಿ, ನಿನಗೆ ಅರಮನೆಯಂಥ ಮನೆ ನೋಡಿಟ್ಟಿದ್ದೀನಿ" ಎಂದ.

"ನೀನು ನೋಡಿಟ್ಟ ಅರಮನೆಗಳಲ್ಲಿ ಒಂದಕ್ಕಾದರೂ ಬಚ್ಚಲ ಬಾಗಿಲಿಗೆ ಚಿಲಕ ಇತ್ತೇನೋ?" ಎಂದು ಅಕ್ಕ ಕೀ ಇಸಿದುಕೊಂಡಳು.

ಅವಳು ಎಂದಿನಂತೆ ಕಿಟಕಿ ಮುಚ್ಚಿ ಕೂತಳು. ಮುಂದಿನ ಕೋಣೆಯಲ್ಲಿ ಬೀದಿಯ ಹಾರನ್, ಕೆಳಗಿನ ಮನೆಯ ರೇಡಿಯೊ, ಮೆಟ್ಟಿಲಲ್ಲಿ ಯಾರದೋ ಚಪ್ಪಲಿ. ಅಡುಗೆಮನೆಯಲ್ಲೂ ಅದೇ. ಒಳಕೋಣೆಗೆ ಹೋಗಿ ಕೂತಾಗ ಏನೂ ಇರಲಿಲ್ಲ. ಏನೂ ಎಂದರೆ ಏನೂ ಇಲ್ಲ. ರೇಡಿಯೊ ಹೊಸ್ತಿಲವರೆಗೆ ಬಂದು ಅಲ್ಲಿಂದ ಹಿಂದಕ್ಕೆ ಹೋದಂತೆ ನಿಂತುಹೋಯಿತು. ಅವಳು ಕೆಮ್ಮಿದಳು. ಕೆಮ್ಮು ಎದೆಯಲ್ಲಿ ಗೊತ್ತಾಯಿತೇ ಹೊರತು ಕಿವಿಗೆ ಬರಲಿಲ್ಲ. ಸದ್ದಿರುವ ಮನೆಯಾದರೆ ಸದ್ದಿನ ಬಾಲ ಹಿಡಿದು ಕಾರಣ ಹುಡುಕಬಹುದು. ಸದ್ದೇ ಇಲ್ಲದ ಕೋಣೆಯಲ್ಲಿ ಏನನ್ನು ಹಿಡಿಯುವುದು? ಗೋಡೆ ದಪ್ಪವಿರಬೇಕು ಎಂದುಕೊಂಡು ಎದ್ದಳು. ಬಾಗಿಲಿನ ಹತ್ತಿರ ಆ ಗೋಡೆಯನ್ನು ಅಳೆದು ನೋಡಿದಳು. ಉಳಿದ ಗೋಡೆಗಳಷ್ಟೇ ಇತ್ತು.

ಅವಳಿಗೆ ಒಂದು ಅಳತೆ ಪುಸ್ತಕವಿತ್ತು. ಒಬ್ಬೊಬ್ಬರಿಗೂ ಒಂದೊಂದು ಹಾಳೆ. ಮೇಲೆ ಹೆಸರು, ಕೆಳಗೆ ಉದ್ದ, ಎದೆ, ಭುಜ, ತೋಳು, ಕುತ್ತಿಗೆ. ಮೂಲೆಯಲ್ಲಿ ಅವರು ಕೊಟ್ಟ ಬಟ್ಟೆಯ ಒಂದು ಚೂರನ್ನು ಗುಂಡುಸೂಜಿಯಿಂದ ಚುಚ್ಚಿಡುತ್ತಿದ್ದಳು. ಪುಸ್ತಕದಲ್ಲಿ ಅಳತೆ ಬರೆದುಕೊಂಡ ಮೇಲೆ ಬಟ್ಟೆ ಹೊಲಿದು ಕೊಡದೆ ಇದ್ದದ್ದು ಅವಳ ಜನ್ಮದಲ್ಲಿ ಇಲ್ಲ. ಬರೆದ ಅಳತೆಯೆಂದರೆ ಅವಳ ಪಾಲಿಗೆ ಕೊಟ್ಟ ಮಾತು.

ಆ ಮನೆಗೆ ಹೋಗಿ ಹದಿನೈದು ದಿನವಾಗಿರಬೇಕು. ಶಾಲೆಯ ಯೂನಿಫಾರಂ ಹೊಲಿಯಲು ಪುಸ್ತಕ ತೆಗೆದಾಗ ಕೊನೆಯಲ್ಲಿ ಒಂದು ಹಾಳೆ ಹೆಚ್ಚಿಗೆ ತುಂಬಿತ್ತು. ಹೆಸರಿಲ್ಲ, ಬಟ್ಟೆಯ ಚೂರಿಲ್ಲ. ಅಕ್ಷರ ಅವಳದೇ. ಉದ್ದ ಇಪ್ಪತ್ತು ಇಂಚು, ಎದೆ ಇಪ್ಪತ್ತೆರಡು, ತೋಳು ಐದು. ಪಕ್ಕದಲ್ಲಿ, "ಎಡಭುಜ ಅರ್ಧ ಇಂಚು ಇಳಿಜಾರು" ಎಂದಿತ್ತು. ಅಂಥ ಮಾತನ್ನು ದರ್ಜಿಗಳು ಗಿರಾಕಿಯ ಮುಂದೆ ಆಡುವುದಿಲ್ಲ, ತಮ್ಮಷ್ಟಕ್ಕೆ ಗುರುತು ಹಾಕಿಕೊಳ್ಳುತ್ತಾರೆ.

ನಾಲ್ಕು ವರ್ಷದ ಹುಡುಗಿ, ಫ್ರಾಕು. ಅಷ್ಟು ಅವಳಿಗೆ ಹಾಳೆ ನೋಡಿದ ಕೂಡಲೇ ತಿಳಿಯಿತು. ಯಾರ ಹುಡುಗಿ ಎಂಬುದು ಮಾತ್ರ ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಮುಖ ಮರೆಯುತ್ತಿದ್ದಳು, ಹೆಸರು ಮರೆಯುತ್ತಿದ್ದಳು, ಅಳೆದ ಮೈಯನ್ನು ಮರೆತವಳಲ್ಲ. ವಯಸ್ಸಾಯಿತು ಎಂದು ತನ್ನನ್ನೇ ಬೈದುಕೊಂಡಳು. ಅಳತೆ ಕೊಟ್ಟವರು ಬಂದು ಕೇಳಿದಾಗ ಇಲ್ಲ ಎನ್ನಬಾರದೆಂದು, ಉಳಿದ ತಿಳಿಹಳದಿ ಬಟ್ಟೆಯಲ್ಲಿ ಒಂದು ಫ್ರಾಕು ಹೊಲಿದು ಒಳಕೋಣೆಯ ಮೊಳೆಗೆ ತೂಗುಹಾಕಿದಳು.

ಯಾರೂ ಬರಲಿಲ್ಲ. ತಿಂಗಳು ಕಳೆದ ಮೇಲೆ ಮುಂದಿನ ಹಾಳೆಯೂ ತುಂಬಿತ್ತು. ಅದೇ ಅಕ್ಷರ, ಅದೇ ಎಡಭುಜ. ಉದ್ದ ಮಾತ್ರ ಇಪ್ಪತ್ತೂವರೆ.

ಆ ದಿನ ಅವಳು ಪುಸ್ತಕ ಮುಚ್ಚಿ ಬಹಳ ಹೊತ್ತು ಅದರ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಬಟ್ಟೆ ಬೆಳೆಯುವುದಿಲ್ಲ, ಮಕ್ಕಳು ಬೆಳೆಯುತ್ತವೆ. ಆಮೇಲೆ ಎದ್ದು, ಫ್ರಾಕಿನ ಅಂಚು ಬಿಚ್ಚಿ ಅರ್ಧ ಇಂಚು ಇಳಿಸಿದಳು. ಹಾಳೆಯಲ್ಲಿತ್ತು, ಇಳಿಸಿದಳು.

ಎದುರುಮನೆಯಲ್ಲಿ ನಿವೃತ್ತ ಕಂಡಕ್ಟರ್ ಒಬ್ಬರಿದ್ದರು. ಅವತ್ತು ಸಂಜೆ ಅವರು ಪ್ಯಾಂಟಿನ ಸೊಂಟ ಸಡಿಲ ಮಾಡಿಸಲು ಬಂದರು. ಹೊಸ್ತಿಲ ಹೊರಗೇ ನಿಂತು ಪ್ಯಾಂಟು ಚಾಚಿದರು.

"ಒಳಗೆ ಬನ್ನಿ ಅಣ್ಣ. ನಾನೇನು ಟಿಕೆಟ್ ಕೇಳಲ್ಲ."

"ಬೇಡ ತಾಯಿ, ಇಲ್ಲೇ ಗಾಳಿ ಚೆನ್ನಾಗಿದೆ."

ಮೆಟ್ಟಿಲಲ್ಲಿ ಗಾಳಿಯೇ ಇರಲಿಲ್ಲ. ಅಕ್ಕ ಟೇಪು ಕೊರಳಿಗೆ ಹಾಕಿಕೊಂಡು ಹೊರಗೆ ಬಂದಳು. "ಸೊಂಟ ಆಮೇಲೆ ನೋಡೋಣ. ಮೊದಲು ಹೇಳಿ, ಇಲ್ಲಿದ್ದೋರು ಯಾಕೆ ಬಿಟ್ಟುಹೋದ್ರು?"

ಕಂಡಕ್ಟರ್ ಮೆಟ್ಟಿಲ ಕೈಗಂಬಿ ಸವರಿದರು. "ಮೂವತ್ತು ವರ್ಷ ಬಸ್ಸಲ್ಲಿ ಮಕ್ಕಳ ಗಲಾಟೆ ಕೇಳಿದೋನು ನಾನು. ಅರ್ಧ ಟಿಕೆಟ್ಟಾ, ಪುಕ್ಕಟೆಯಾ ಅಂತ ದನಿ ಕೇಳಿದ್ರೆ ಸಾಕು, ಮುಖ ನೋಡೋದು ಬೇಡ. ಮೂರು ಸಂಸಾರನೂ ಬರುವಾಗ ಒಂದೊಂದು ಮಗು ಕರ್ಕೊಂಡು ಬಂದಿತ್ತು. ಮೂರೂ ಪುಕ್ಕಟೆ ವಯಸ್ಸಿನವೇ. ಮೊದಮೊದಲು ಈ ಮೆಟ್ಟಿಲು ಕಿತ್ತುಹೋಗೋ ಹಾಗೆ ಕೂಗಾಡೋವು. ಮೂರು ತಿಂಗಳಿಗೆ ದನಿ ಇಳೀತಿತ್ತು, ಐದು ತಿಂಗಳಿಗೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಡಾಕ್ಟರು ಗಂಟಲಲ್ಲಿ ಏನೂ ಇಲ್ಲ ಅಂದ್ರಂತೆ. ಕೊನೇ ಮಗು ಆ ಒಳಕೋಣೆಯಲ್ಲೇ ಕೂತಿರೋದು ಅಂತ ಅದರ ತಾಯಿ ಅಳ್ತಿದ್ಲು. ಹೊರಗೆ ಎಳೆದ್ರೆ ಬಾಯಿ ತೆರೆಯೋದು, ಸದ್ದು ಬರ್ತಿರಲಿಲ್ಲ."

"ಮತ್ತೆ ಯಾರಿಗೂ ಹೇಳಲಿಲ್ವಾ ನೀವು?"

"ಯಾರಾದರೂ ಕೇಳಬೇಕಲ್ಲ ತಾಯಿ? ಮನೆ ನೋಡೋಕೆ ಬಂದೋರು ನಲ್ಲಿ ತಿರುಗಿಸ್ತಾರೆ, ಎದುರುಮನೆ ಬಾಗಿಲು ತಟ್ಟಲ್ಲ."

ಅಕ್ಕ ಒಳಗೆ ಬಂದು ಪ್ಯಾಂಟಿನ ಹೊಲಿಗೆ ಬಿಚ್ಚುತ್ತ ಕೂತಳು. ಕಾರಣ ಸಿಕ್ಕೇ ಸಿಗುತ್ತದೆ, ಹದಿನೆಂಟಕ್ಕೆ ಸಿಕ್ಕಿದ್ದು ಹತ್ತೊಂಬತ್ತಕ್ಕೆ ಸಿಗದೆ ಇರುತ್ತದೆಯೇ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡದ್ದು ಧೈರ್ಯಕ್ಕಲ್ಲ, ಸೂರಿಗೆ. ಈ ಮನೆಗೆ ಕೆಟ್ಟ ಹೆಸರು ತಾನೇ ಕೊಟ್ಟರೆ ಬ್ರೋಕರ್ ಇನ್ನೊಂದು ಮನೆ ಕೊಡುವುದಿಲ್ಲ. ಐವತ್ತಮೂರರ ವಯಸ್ಸಿನಲ್ಲಿ ಯಂತ್ರ ಹೊತ್ತುಕೊಂಡು ಮತ್ತೆ ಅಣ್ಣನ ಬಾಗಿಲಿಗೆ ಹೋಗಬೇಕು.

ಎಂಟನೆಯ ವಾರ ಬ್ರೋಕರ್ ಒಬ್ಬ ನರ್ಸನ್ನು ಕರೆತಂದ. ಭಾನುವಾರ ಬೆಳಿಗ್ಗೆ, ಹತ್ತು ಗಂಟೆ. ರಾತ್ರಿಪಾಳಿ ಮುಗಿಸಿ ನೇರವಾಗಿ ಬಂದಿದ್ದಳು, ಕಣ್ಣು ಕೆಂಪಾಗಿತ್ತು. ಜೊತೆಯಲ್ಲಿ ಅವಳ ಮಗಳು ಪುಟ್ಟಿ. ಅವಳ ಮಾತು ಅವಳಿಗಿಂತ ಒಂದು ಮಹಡಿ ಮುಂದೆ ಬರುತ್ತಿತ್ತು.

"ಅಮ್ಮ, ಇಪ್ಪತ್ತೆಂಟು ಮೆಟ್ಟಿಲು! ಇಲ್ಲ, ಒಂದನ್ನ ಹಾರಿದೆ, ಇಪ್ಪತ್ತೊಂಬತ್ತು! ಇಲ್ಲಿ ಬೆಕ್ಕಿದೆಯಾ? ಅಂಕಲ್, ನಿಮ್ಮ ಹೊಟ್ಟೆಯಲ್ಲಿ ಏನಿದೆ?"

"ತಿಂಡಿ ಇದೆ ಪುಟ್ಟಿ" ಎಂದ ಬ್ರೋಕರ್ ಏದುಸಿರು ಬಿಡುತ್ತ. "ಅಕ್ಕ, ಇವರಿಗೆ ಮನೆ ಆಸ್ಪತ್ರೆಗೆ ಹತ್ತಿರ ಬೇಕಂತೆ. ನಿನಗೇ ಗೊತ್ತಲ್ಲ, ಹೇಳು."

ಅಕ್ಕ ಪುಟ್ಟಿಯನ್ನು ನೋಡಿದಳು. ದರ್ಜಿಯ ಕಣ್ಣು ಮೊದಲು ಮುಖಕ್ಕೆ ಹೋಗುವುದಿಲ್ಲ. ಎಡಭುಜ ಬಲಕ್ಕಿಂತ ಅರ್ಧ ಇಂಚು ಕೆಳಗಿತ್ತು. ಎದೆ ಇಪ್ಪತ್ತೆರಡು. ಮಂಡಿಯ ಮೇಲಕ್ಕೆ ಫ್ರಾಕು ಬೇಕೆಂದರೆ ಇಪ್ಪತ್ತೂವರೆ. ಟೇಪು ಬೇಕಾಗಿಯೇ ಇರಲಿಲ್ಲ. ಈ ಮೈಯನ್ನು ಅವಳು ಎರಡು ಸಲ ಬರೆದಿದ್ದಳು. ಈ ಮಗುವನ್ನು ನೋಡಿದ್ದು ಮಾತ್ರ ಇದೇ ಮೊದಲು.

ನರ್ಸು ಅಡುಗೆಮನೆಯ ನಲ್ಲಿ ತಿರುಗಿಸಿದಳು. ನೀರು ಯಾವ ಹೊತ್ತಿಗೆ ಬರುತ್ತದೆ ಎಂದು ಕೇಳಿದಳು. ಬ್ರೋಕರ್ ಉತ್ತರ ಹೇಳುತ್ತಿದ್ದ. ಪುಟ್ಟಿ ಮುಂದಿನ ಕೋಣೆಯಲ್ಲಿ ಯಾವುದೋ ಆನೆಯ ಕಥೆಯನ್ನು ತನಗೆ ತಾನೇ ಹೇಳಿಕೊಳ್ಳುತ್ತ ತಿರುಗುತ್ತಿದ್ದಳು. "ಆಮೇಲೆ ಆನೆ ಏನು ಮಾಡ್ತು ಗೊತ್ತಾ, ಸೊಂಡಿಲಲ್ಲಿ ನೀರು ತಗೊಂಡು ಮೊಸಳೆ ಮೇಲೆ—"

ಮಾತು ಕತ್ತರಿಯಿಂದ ಕತ್ತರಿಸಿದಂತೆ ನಿಂತಿತು.

ಅಕ್ಕ ತಿರುಗಿ ನೋಡಿದಳು. ಪುಟ್ಟಿ ಒಳಕೋಣೆಯ ನಡುವೆ ನಿಂತಿದ್ದಳು. ಮೊಳೆಯ ಮೇಲಿದ್ದ ಹಳದಿ ಫ್ರಾಕನ್ನು ಹಿಡಿದು ನಗುತ್ತಿದ್ದಳು. ತುಟಿಗಳು ಬಿಡುವಿಲ್ಲದೆ ಆಡುತ್ತಿದ್ದವು. ಕಥೆ ನಡೆಯುತ್ತಿತ್ತು, ಸೊಂಡಿಲಿನಂತೆ ಕೈ ಎತ್ತಿದಳು, ಸದ್ದು ಮಾತ್ರ ಇಲ್ಲ.

ಅಕ್ಕ ಯಂತ್ರದ ಸ್ಟೂಲನ್ನು ಉರುಳಿಸಿಕೊಂಡೇ ಓಡಿ, ಮಗುವನ್ನು ಎತ್ತಿ ಹೊಸ್ತಿಲಾಚೆ ತಂದಳು.

"—ಬಿದ್ದೇ ಹೋಯ್ತು! ಬಿಡೀ, ನಂದು ಅದು, ನನ್ನ ಫ್ರಾಕು!" ಎಂದು ಪುಟ್ಟಿ ಕಿರುಚಿದಳು.

ನರ್ಸು ಓಡಿಬಂದಳು. ಮಗಳ ಕೈಯಲ್ಲೇ ಬಂದಿದ್ದ ಫ್ರಾಕನ್ನು ಅವಳ ಮೈಗೆ ಹಿಡಿದು ನೋಡಿದ ನರ್ಸಿನ ಮುಖ ಅರಳಿತು. "ಅಯ್ಯೋ, ಅಳತೆ ಕೊಟ್ಟು ಹೊಲಿಸಿದ ಹಾಗಿದೆಯಲ್ರೀ! ಇವಳಿಗೆ ಭುಜ ಸರಿಯಾಗಿ ಕೂರೋ ಬಟ್ಟೆ ಇದುವರೆಗೂ ಸಿಕ್ಕಿಲ್ಲ."

"ಈ ಮನೆ ಬೇಡಮ್ಮ" ಎಂದಳು ಅಕ್ಕ.

ಬ್ರೋಕರ್ ಜೋರಾಗಿ ನಕ್ಕ. "ತಮಾಷೆ ಮಾಡ್ತಾಳೆ."

"ತಮಾಷೆ ಅಲ್ಲ. ಹಿಂದೆ ಇದ್ದ ಮೂರು ಮಕ್ಕಳ ಮಾತು ಇಲ್ಲಿ ಹೋಗಿದೆ. ಗಂಟಲಲ್ಲಿ ಏನೂ ಇಲ್ಲ ಅಂದ್ರಂತೆ ಡಾಕ್ಟರು. ಎದುರುಮನೆಯೋರನ್ನ ಕೇಳು. ಇದೇ ಕೋಣೆಗೆ ನೀನೇ ಹೋಗಿ ಮಗಳ ಹೆಸರು ಕೂಗಿ ನೋಡು."

ನರ್ಸು ಹೋಗಿ ಕೂಗಿದಳು. ಹೊರಗೆ ಬಂದಾಗ ಅವಳ ಮುಖದಲ್ಲಿ ಭಯವಿರಲಿಲ್ಲ, ಆಸೆಯಿತ್ತು. "ಎಷ್ಟು ನಿಶ್ಶಬ್ದವಾಗಿದೆ! ನನ್ನ ರಾತ್ರಿಪಾಳಿಗೆ ಇಂಥದ್ದೇ ಬೇಕಿತ್ತು. ಹಗಲೆಲ್ಲ ನೆಮ್ಮದಿಯಾಗಿ ನಿದ್ದೆ ಮಾಡಬಹುದು."

"ನಿದ್ದೆ ನೀನು ಮಾಡ್ತೀಯ. ಮಗು ಎಲ್ಲಿರುತ್ತೆ?"

"ನನ್ನ ಪಕ್ಕದಲ್ಲೇ ಮಲಗಿರುತ್ತೆ." ನರ್ಸು ಅವಳನ್ನು ಕೆಂಪು ಕಣ್ಣುಗಳಿಂದ ದಿಟ್ಟಿಸಿದಳು. "ನೀವು ಇಲ್ಲಿ ಬಾಡಿಗೆ ಕೊಡದೆ ಇದ್ದೀರಂತೆ. ನಾವು ಬಂದ್ರೆ ಬಿಡಬೇಕಲ್ಲ, ಅದಕ್ಕೇ ತಾನೇ ಈ ಕಥೆ? ನಿಮಗೇನೂ ಆಗಿಲ್ವಲ್ಲ, ಚೆನ್ನಾಗೇ ಮಾತಾಡ್ತಿದ್ದೀರಿ."

ಅಕ್ಕ ಪುಸ್ತಕ ತೋರಿಸಬಹುದಿತ್ತು. ತೋರಿಸಿದರೆ, ಮೆಟ್ಟಿಲು ಹತ್ತುವಾಗ ನೋಡಿ ಬರೆದುಕೊಂಡಿದ್ದಾಳೆ ಎನ್ನುತ್ತಾರೆ. ಅಕ್ಷರ ಅವಳದೇ ತಾನೆ?

ಬುಧವಾರ ಕರಾರುಪತ್ರಕ್ಕೆ ಸಹಿ ಎಂದು ನಿಶ್ಚಯವಾಯಿತು. ತಾಯಿ, ಮಗಳು ಇಳಿದುಹೋದ ಮೇಲೆ ಬ್ರೋಕರ್ ಬಾಗಿಲಲ್ಲೇ ನಿಂತ. "ಹನ್ನೊಂದು ವರ್ಷ ನಿನ್ನ ತಲೆ ಮೇಲೆ ಸೂರು ಇಟ್ಟೋನು ನಾನು. ನನ್ನ ಹೊಟ್ಟೆ ಮೇಲೇ ಹೊಡೀತೀಯಾ? ಮಂಗಳವಾರ ಖಾಲಿ ಮಾಡು. ಅರಮನೆ ಗಿರಮನೆ ಏನೂ ಇಲ್ಲ ಇನ್ನು."

"ಆ ಕೋಣೆ ಬಾಗಿಲಿಗೆ ಇಟ್ಟಿಗೆ ಇಟ್ಟು ಮುಚ್ಚಿಸು. ಇನ್ನುಳಿದ ಮನೆ ಕೊಡು, ನಾನೇ ಎಲ್ಲರಿಗೂ ಸರಿಯಿದೆ ಅಂತೀನಿ."

"ಒಂದೇ ಕೋಣೆ ಮನೆ ಯಾರಿಗೆ ಬೇಕು? ಮಾವನಿಗೆ ಏನಂತ ಹೇಳಲಿ?"

ಎರಡು ದಿನ ಅಕ್ಕ ಯಂತ್ರ ಮುಟ್ಟಲಿಲ್ಲ. ಟ್ರಂಕು ಕಟ್ಟಿದಳು, ಬಿಚ್ಚಿದಳು. ಹೊರಟುಹೋದರೆ ಅವಳ ಕೈ ತೊಳೆದಂತೆ. ಹೇಳಬೇಕಾದ್ದನ್ನು ಹೇಳಿದ್ದಾಗಿದೆ. ಆದರೆ ಒಳಕೋಣೆಯ ಕಡೆ ನೋಡಿದಾಗಲೆಲ್ಲ ಆ ಪುಟ್ಟ ತುಟಿಗಳು ಸದ್ದಿಲ್ಲದೆ ಆಡುವುದು ಕಣ್ಣಿಗೆ ಕಟ್ಟುತ್ತಿತ್ತು. ಮಂಗಳವಾರ ಬೆಳಿಗ್ಗೆ ಅವಳು ಬ್ರೋಕರನ ಅಂಗಡಿಗೆ ನಡೆದಳು.

"ಕೀ ತಂದ್ಯಾ?"

"ಇಲ್ಲ. ಕರಾರುಪತ್ರ ಬರಿ. ಆ ಮನೆ ನನಗೆ ಬಾಡಿಗೆಗೆ ಬೇಕು. ನನ್ನ ಹೆಸರಿಗೆ."

ಬ್ರೋಕರ್ ಕೈಲಿದ್ದ ಟೀ ಕೆಳಗಿಟ್ಟ. "ಪುಕ್ಕಟೆ ಇದ್ದ ಮನೆಗೆ ಬಾಡಿಗೆ ಕೊಡ್ತೀಯಾ? ತಲೆ ನೆಟ್ಟಗಿದೆಯಾ?"

"ಅವರಷ್ಟೇ ಕೊಡ್ತೀನಿ. ಮೂರು ಶಾಲೆಯ ಯೂನಿಫಾರಂ ಹಿಡಿದಿದ್ದೀನಿ, ಕಣ್ಣಿರೋವರೆಗೂ ಹೊಲಿಯೋದು. ಇಲ್ಲ ಅಂದ್ಯೋ, ಆ ಮೆಟ್ಟಿಲ ಮೇಲೆ ಕೂತ್ಕೊಂಡು ಹತ್ತಿ ಬಂದೋರಿಗೆಲ್ಲ ಹೇಳ್ತೀನಿ. ನೀನು ನನ್ನ ಹೇಗೆ ಎಬ್ಬಿಸ್ತೀಯೋ ನೋಡ್ತೀನಿ. ನಿನ್ನ ಹದಿನೆಂಟು ಮನೆ ಹೋಗಿದ್ದು ನನ್ನ ಬಾಯಿಂದ. ಆ ಬಾಯಿ ಇನ್ನೂ ಇದೆ."

ಬ್ರೋಕರ್ ಕೊನೆಗೆ ಗೊಣಗುತ್ತಲೇ ಕಾಗದ ಎಳೆದುಕೊಂಡ. ಅಕ್ಕ ಒಂದೊಂದು ಸಾಲನ್ನೂ ಓದಿಸಿ ಕೇಳಿದಳು. ಬಿಡಬೇಕಾದರೆ ಎಷ್ಟು ದಿನ ಮೊದಲು ಹೇಳಬೇಕು? ಮಾಲೀಕರು ಬೇಕೆಂದಾಗ ನುಗ್ಗುವ ಹಾಗಿದೆಯೇ? ಅವಳಿರುವಾಗ ಬೇರೆ ಯಾರಿಗಾದರೂ ತೋರಿಸಬಹುದೇ? ತೋರಿಸಬಾರದು ಎಂದು ಬರೆಸಿದಳು. ಆಮೇಲೆ ಸಹಿ ಹಾಕಿದಳು. ಒಂದು ಮನೆಯ ಕಾಗದದ ಮೇಲೆ ಅವಳ ಹೆಸರು ಬಂದದ್ದು ಬದುಕಿನಲ್ಲಿ ಅದೇ ಮೊದಲು.

ನರ್ಸು ಫೋನಿನಲ್ಲಿ ಅವಳಿಗೆ ಬಾಯಿಗೆ ಬಂದಂತೆ ಅಂದಳು. "ನನ್ನ ಅನುಮಾನ ನಿಜ ಆಯ್ತಲ್ಲ. ಮಗು ಹೆಸರು ಹೇಳ್ಕೊಂಡು ಮನೆ ಹೊಡ್ಕೊಂಡ್ರಿ!" ಅಕ್ಕ ಹೂಂ ಎಂದಳು.

ಪುಟ್ಟಿಯ ಅಳತೆ ಮತ್ತೆ ಪುಸ್ತಕದಲ್ಲಿ ಬರಲಿಲ್ಲ. ಅಕ್ಕ ಒಳಕೋಣೆಗೆ ಬೀಗ ಹಾಕಿ, ಮುಂದಿನ ಕೋಣೆಯಲ್ಲೇ ಹೊಲಿದು, ಅಲ್ಲೇ ಮಲಗಿದಳು. ಕರಾರು ಒಮ್ಮೆ ಹೊಸದಾಯಿತು, ಎರಡನೆಯ ಸಲವೂ ಆಯಿತು. ಮಕ್ಕಳ ಬಟ್ಟೆಗೆ ಅಳತೆ ಕೊಡಲು ಬಂದವರನ್ನು ಅವಳು ಒಳಗೆ ಕರೆಯುತ್ತಿರಲಿಲ್ಲ. ಹೊಸ ಬಾಡಿಗೆಮನೆ ಹುಡುಕುವವರು ಯಾರಾದರೂ ಬಂದರೆ, ಅಳತೆಯ ಜೊತೆಗೆ ಬುದ್ಧಿಮಾತನ್ನೂ ಕೊಟ್ಟು ಕಳಿಸುತ್ತಿದ್ದಳು: "ಒಂದೇ ಸಲ ನೋಡಿ ಬರಬೇಡಿ, ಬೇರೆ ಹೊತ್ತಿನಲ್ಲಿ ಇನ್ನೊಂದು ಸಲ ಹೋಗಿ. ಮಾಲೀಕರನ್ನ ಆಮೇಲೆ ಕೇಳಿ, ಅಕ್ಕಪಕ್ಕದೋರನ್ನ ಮೊದಲು ಕೇಳಿ. ಹಿಂದಿನೋರು ಯಾಕೆ ಬಿಟ್ರು ಅಂತ ತಿಳೀದೆ ಮುಂಗಡ ಕೊಡಬೇಡಿ. ಮಕ್ಕಳನ್ನ ಜೊತೆಗೆ ಕರ್ಕೊಂಡು ಹೋಗಿ, ಅವು ಏನು ಮಾಡ್ತವೆ ನೋಡಿ."

ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ಗಿರಾಕಿಗಳು, "ಜೋರಾಗಿ ಹೇಳಕ್ಕ, ಕೇಳಿಸ್ತಿಲ್ಲ" ಎನ್ನತೊಡಗಿದರು. ಅವಳು ತಕ್ಕಷ್ಟು ಜೋರಾಗಿಯೇ ಹೇಳಿರುತ್ತಿದ್ದಳು. ಯಂತ್ರದ ಕಟಕಟವೂ ಬೀದಿಗೆ ಮೊದಲಿನಂತೆ ಕೇಳುತ್ತಿಲ್ಲ ಎಂದು ಕಂಡಕ್ಟರ್ ಹೇಳಿದರು. ಎಣ್ಣೆ ಹಾಕಿದ್ದೀನಿ ಎಂದು ಅಕ್ಕ ಸನ್ನೆ ಮಾಡಿ ನಕ್ಕಳು. ಮಕ್ಕಳು ಸಿಗದ ಮನೆ ಈಗ ಇರುವವರ ಕಡೆ ತಿರುಗಿದೆ ಎಂಬುದು ಅವಳಿಗೆ ಅರ್ಥವಾಗದೆ ಇರಲಿಲ್ಲ. ಬಿಟ್ಟು ಹೋಗಬಹುದಿತ್ತು. ಹೋದರೆ ಮರುದಿನವೇ ಬ್ರೋಕರ್ ಮನೆ ಬಾಡಿಗೆಗಿದೆ ಎಂಬ ಬೋರ್ಡು ತೂಗುಹಾಕುತ್ತಿದ್ದ.

ಒಂದು ಮಧ್ಯಾಹ್ನ ಮೆಟ್ಟಿಲಲ್ಲಿ ದೊಡ್ಡ ಗದ್ದಲ ಕೇಳಿಸಿತು. ಯಾರೋ ಮಗ್ಗಿ ಹೇಳುತ್ತ, ನಡುವೆ ಮರೆತು, ಅದಕ್ಕೆ ತಾವೇ ನಗುತ್ತ ಹತ್ತಿ ಬರುತ್ತಿದ್ದರು. ಅಕ್ಕ ಎದ್ದು ಹೊರಗೆ ಬಂದು ಬಾಗಿಲನ್ನು ಹಿಂದಕ್ಕೆ ಎಳೆದುಕೊಂಡಳು. ಪುಟ್ಟಿ ಎತ್ತರವಾಗಿದ್ದಳು. ಹಿಂದೆ ನರ್ಸು, ಕೈಯಲ್ಲಿ ಯೂನಿಫಾರಂ ಬಟ್ಟೆ.

"ಶಾಲೆಯೋರು ನಿಮ್ಮ ಹತ್ರವೇ ಹೊಲಿಸಬೇಕು ಅಂದ್ರು, ಅದಕ್ಕೆ ಬಂದೆ" ಎಂದಳು ನರ್ಸು ಬಿಗಿಯಾಗಿ. "ಹೊಡ್ಕೊಂಡ ಮನೆ ಹೇಗಿದೆ?"

ಅಕ್ಕ ಏನೋ ಹೇಳಿದಳು.

"ಏನಂದ್ರಿ?"

ಅಕ್ಕ ಮತ್ತೆ ಹೇಳಿದಳು. ನರ್ಸಿನ ಹುಬ್ಬು ಗಂಟಿಕ್ಕಿತು. ಬ್ಯಾಗಿನಿಂದ ಪುಟ್ಟ ಟಾರ್ಚು ತೆಗೆದು, "ಬಾಯಿ ತೆಗೀರಿ" ಎಂದಳು, ಆಸ್ಪತ್ರೆಯಲ್ಲಿ ಹೇಳುವ ಹಾಗೆಯೇ. ಬೆಳಕು ಬಿಟ್ಟು ಎಡಕ್ಕೆ ಬಲಕ್ಕೆ ನೋಡಿದಳು. ಕತ್ತಿನ ಎರಡೂ ಕಡೆ ಒತ್ತಿ ನೋಡಿದಳು. "ಆ ಅನ್ನಿ. ಇನ್ನೂ ಜೋರಾಗಿ." ಅಕ್ಕನ ಕತ್ತಿನ ನರ ಉಬ್ಬಿತು. ಬಂದದ್ದು ಬರೀ ಉಸಿರು.

"ಗಂಟಲಲ್ಲಿ ಏನೂ ಇಲ್ವಲ್ರೀ" ಎಂದಳು ನರ್ಸು.

ಹೇಳಿದ ಮೇಲೆ ಆ ಮಾತು ಅವಳಿಗೇ ಕೇಳಿಸಿದಂತೆ ತೋರಿತು. ಟಾರ್ಚು ಆರಿಸಲಿಲ್ಲ. ಅಕ್ಕನ ಹಿಂದಿದ್ದ ಮುಚ್ಚಿದ ಬಾಗಿಲನ್ನು ನೋಡಿದಳು, ಅಕ್ಕನನ್ನು ನೋಡಿದಳು, ಮತ್ತೆ ಬಾಗಿಲನ್ನು ನೋಡಿದಳು. ಕೈ ಚಾಚಿ ಮಗಳನ್ನು ತನ್ನ ಕಡೆ ಎಳೆದುಕೊಂಡು ಒಂದು ಮೆಟ್ಟಿಲು ಕೆಳಗಿಳಿದಳು. ಆಮೇಲೆ ಇನ್ನೊಂದು.

"ಅಮ್ಮಾ, ಯಾಕೆ ಎಳೀತೀಯ? ಏಳೇಳ್ಲಿ ನಲವತ್ತೊಂಬತ್ತು ಅಂತ ಹೇಳೋಕೂ ಬಿಡಲ್ವಲ್ಲ!"

ಅಕ್ಕ ಕೊರಳಿನ ಟೇಪು ತೆಗೆದುಕೊಂಡು ಅವರು ನಿಂತ ಮೆಟ್ಟಿಲಿಗೇ ಇಳಿದು ಬಂದಳು. ಪುಟ್ಟಿಯ ಭುಜಕ್ಕೆ ಟೇಪು ಹಿಡಿದು, ಮುಂದೆ ಹೇಳು ಎಂದು ತಲೆಯಾಡಿಸಿದಳು. ಪುಟ್ಟಿ ಏಳರ ಮಗ್ಗಿ ಮುಗಿಸಿ ಎಂಟರದನ್ನು ಶುರುಮಾಡಿದಳು. ಅವಳ ದನಿ ಕೆಳಗಿನ ಮಹಡಿಗೆ ಹೋಗಿ ಬೀದಿಬಾಗಿಲು ದಾಟುತ್ತಿತ್ತು. ನರ್ಸು ಎರಡೂ ಕೈಗಳಿಂದ ಮಗಳನ್ನು ಹಿಡಿದುಕೊಂಡು, ಅಕ್ಕನ ಮುಖವನ್ನೇ ನೋಡುತ್ತ ನಿಂತಿದ್ದಳು.